ಲೋಹದೊಳಗೆ ಸೂರ್ಯ ಹುಟ್ಟುತ್ತಾ? ಫ್ಯೂಷನ್‌ಗೂ ಪಲ್ಲಾಡಿಯಂ ತುಂಡಿಗೂ ಏನ್ ಸಂಬಂಧ

ಮುಂಬೈ ಪಕ್ಕದ ನಮ್ಮ ಡೊಂಬಿವಲಿ ಕನ್ನಡದವರ ವಾಟ್ಸಾಪ್ ಗ್ರೂಪಲ್ಲಿ ಒಂದು ವಿಡಿಯೋ ಸುತ್ತಾಡ್ತಾ ಇತ್ತು, ಟೇಬಲ್ ಮೇಲೇ ಸೂರ್ಯನನ್ನ ತಯಾರ್ ಮಾಡಿದ್ದಾರೆ, ಇನ್ನು ಕರೆಂಟ್ ಬಿಲ್ಲೇ ಇರಲ್ಲ ಅಂತ. ಕೆಳಗಡೆ ಸಾಲಾಗಿ ಕೈ ಮುಗಿಯೋ ಇಮೋಜಿಗಳು. ನಾನು ಹನ್ನೊಂದು ಹನ್ನೆರಡನೇ ಕ್ಲಾಸಿನವರಿಗೆ ಫಿಸಿಕ್ಸ್ ಟ್ಯೂಷನ್ ಹೇಳೋನು ಅಂತ ಎಲ್ಲರಿಗೂ ಗೊತ್ತಲ್ಲ, ಒಬ್ರು ಹಿರಿಯರು ನೇರವಾಗಿ ಕೇಳೇಬಿಟ್ರು, ಮೇಷ್ಟ್ರೇ ಇದು ನಿಜಾನಾ ಸುಳ್ಳಾ ಒಂದೇ ಮಾತಲ್ಲಿ ಹೇಳಿ ಅಂತ. ವಿಡಿಯೋ ಸುಳ್ಳು, ಅದರ ಹಿಂದಿರೋ ಪ್ರಯೋಗ ನಿಜ ಅಂದೆ. ಅವರಿಗೆ ಸಮಾಧಾನ ಆಗಲಿಲ್ಲ, ಎರಡು ಮಾತು ಆಯ್ತಲ್ಲ ಅಂದ್ರು. ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೀತಾ ಇದೀನಿ, ಟೀ ಇಟ್ಕೊಂಡು ಓದಿ.

ಆ ಪ್ರಯೋಗ ಕೆನಡಾದ ಬ್ರಿಟಿಷ್ ಕೊಲಂಬಿಯಾ ಯೂನಿವರ್ಸಿಟಿದು, 2025ರ ಆಗಸ್ಟಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಪಲ್ಲಾಡಿಯಂ ಅನ್ನೋ ಲೋಹದೊಳಗೆ ಡ್ಯೂಟೀರಿಯಂ ತುಂಬಿಸಿ, ಅದರಲ್ಲಾಗೋ ಫ್ಯೂಷನ್ನು ಸರಾಸರಿ 15 ಪರ್ಸೆಂಟ್ ಜಾಸ್ತಿ ಆಯ್ತು ಅಂತ ತೋರಿಸಿದ್ರು. ಈ 15 ಪರ್ಸೆಂಟ್ ಯಾವುದರ ಮೇಲೆ, ಅದರಲ್ಲಿ ಲೋಹದ ಪಾತ್ರ ಏನು ಅನ್ನೋದು ಅರ್ಥ ಆಗ್ಬೇಕಾದ್ರೆ ಬುಡದಿಂದ ಶುರು ಮಾಡ್ಬೇಕು.

ಫ್ಯೂಷನ್ ಅಂದ್ರೆ ಯಾರು ಯಾರ ಜೊತೆ ಸೇರೋದು

ಅಣುವಿನ ನಟ್ಟನಡುವೆ ಪುಟ್ಟ ನ್ಯೂಕ್ಲಿಯಸ್ ಇರುತ್ತೆ, ಅದಕ್ಕೆ ಪಾಸಿಟಿವ್ ಚಾರ್ಜು. ಎರಡು ಹಗುರ ನ್ಯೂಕ್ಲಿಯಸ್ ಸೇರಿ ಒಂದಾದ್ರೆ ಶಕ್ತಿ ಹೊರಗೆ ಬರುತ್ತೆ, ಅದೇ ಫ್ಯೂಷನ್, ಸೂರ್ಯ ಉರೀತಿರೋದು ಇದರಿಂದಾನೇ. ಈ ಕೆಲಸಕ್ಕೆ ಮಾಮೂಲಿ ಹೈಡ್ರೋಜನ್ ಬಲು ಸೋಮಾರಿ, ಅದಕ್ಕೇ ಲ್ಯಾಬಲ್ಲಿ ಬಳಸೋದು ಅದರ ದಪ್ಪ ಅಣ್ಣ ಡ್ಯೂಟೀರಿಯಂನ, ಅದರೊಳಗೆ ಒಂದು ಪ್ರೋಟಾನ್ ಜೊತೆ ಒಂದು ನ್ಯೂಟ್ರಾನ್ ಕೂಡ ಇರುತ್ತೆ. ಇದೇನು ಸ್ವರ್ಗದಿಂದ ತರೋ ಸಾಮಾನಲ್ಲ, ನಲ್ಲಿ ನೀರಲ್ಲಿರೋ ಹೈಡ್ರೋಜನ್‌ನಲ್ಲೂ ಆರು ಸಾವಿರ ಚಿಲ್ಲರೆಗೆ ಒಂದು ಇದೇ ಜಾತಿದು. ಡ್ಯೂಟೀರಿಯಂ ತುಂಬಿದ ನೀರಿಗೆ ಹೆವಿ ವಾಟರ್ ಅಂತಾರೆ, ನಮ್ಮ ಅಲಿಬಾಗ್ ಪಕ್ಕದ ಥಳದಲ್ಲೇ ಅದರ ಕಾರ್ಖಾನೆ ಇದೆ, ಬೀಚಿಗೆ ಹೋಗೋರಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಎರಡು ಡ್ಯೂಟೀರಿಯಂ ಸೇರಿದ್ರೆ ಹೆಚ್ಚುಕಮ್ಮಿ ಅರ್ಧ ಸಲ ಟ್ರಿಟಿಯಂ (ಎರಡು ನ್ಯೂಟ್ರಾನ್ ಇರೋ ಹೈಡ್ರೋಜನ್) ಪ್ಲಸ್ ಪ್ರೋಟಾನ್ ಸಿಗುತ್ತೆ, ಉಳಿದರ್ಧ ಸಲ ಹೀಲಿಯಂ-3 ಪ್ಲಸ್ ನ್ಯೂಟ್ರಾನ್. ಈ ಅರ್ಧ-ಅರ್ಧ ಲೆಕ್ಕ ನೆನಪಲ್ಲಿಟ್ಕೊಳ್ಳಿ, ಟ್ರಾಂಬೆ ಕಥೆ ಬಂದಾಗ ಬೇಕಾಗುತ್ತೆ.

ಸೇರೋಕೆ ಅಡ್ಡಿ ಏನಪ್ಪ ಅಂದ್ರೆ, ಎರಡೂ ಪಾಸಿಟಿವ್, ಒಂದನ್ನೊಂದು ದೂರ ತಳ್ತಾವೆ. ಒಂದು ಸಲ ಮೈಗೆ ಮೈ ತಾಗೋಷ್ಟು ಹತ್ರ ಬಂದ್ರೆ ಮಾತ್ರ ನ್ಯೂಕ್ಲಿಯರ್ ಬಲ ಗಬಕ್ ಅಂತ ಹಿಡ್ಕೊಳ್ಳುತ್ತೆ. ಎಷ್ಟು ಹತ್ರ? ಆ ಬಲ ಹಿಡ್ಕೊಳ್ಳೋ ದೂರಾನ ಒಂದು ಮೀಟರ್ ಅಂತ ಇಟ್ಕೊಳ್ಳಿ. ಡ್ಯೂಟೀರಿಯಂ ಗ್ಯಾಸಿನ ಒಂದು ಜೋಡಿಯಲ್ಲಿ ಎರಡು ನ್ಯೂಕ್ಲಿಯಸ್ ನಡುವಿನ ದೂರ ಆ ಲೆಕ್ಕದಲ್ಲಿ ಮುಂಬೈನ ಸಿಎಸ್‌ಎಂಟಿ ಸ್ಟೇಷನ್‌ನಿಂದ ಡೊಂಬಿವಲಿ ಅಷ್ಟಾಗುತ್ತೆ. ಜೋಡಿ ಜೋಡಿ ಅಂತೀವಿ, ಒಬ್ಬ ಸಿಎಸ್‌ಎಂಟಿಯಲ್ಲಿ ಇನ್ನೊಬ್ಬ ಇಲ್ಲಿ.

ಕರಬುಡೆ ಸುರಂಗ

ಮತ್ಸ್ಯಗಂಧ ರೈಲಲ್ಲಿ ಊರಿಗೆ ಹೋಗೋರಿಗೆಲ್ಲ ಗೊತ್ತು, ರತ್ನಾಗಿರಿ ಬರೋಕೆ ಸ್ವಲ್ಪ ಮುಂಚೆ ಕರಬುಡೆ ಸುರಂಗ ಸಿಗುತ್ತೆ, ಆರೂವರೆ ಕಿಲೋಮೀಟರ್, ಫೋನ್ ಕಟ್ ಆಗುತ್ತೆ, ಕಿವಿಯಲ್ಲಿ ಗುಂಯ್ ಅನ್ನುತ್ತೆ, ಮಾತಾಡ್ತಿದ್ದೋರೆಲ್ಲ ಸುಮ್ನಾಗಿ ಕಿಟಕಿ ಕಡೆ ನೋಡ್ತಾ ಕೂತಿರ್ತಾರೆ. ರೈಲು ಆ ಗುಡ್ಡ ಹತ್ತಲ್ಲ, ಕೆಳಗಿಂದ ತೂರ್ಕೊಂಡು ಹೋಗುತ್ತೆ.

ನ್ಯೂಕ್ಲಿಯಸ್‌ಗಳೂ ಹಾಗೇ ಮಾಡ್ತಾವೆ. ಅವುಗಳ ನಡುವಿನ ತಳ್ಳಾಟ ಒಂದು ಗುಡ್ಡ ಇದ್ದ ಹಾಗೆ. ಅದನ್ನ ಪೂರ್ತಿ ಹತ್ತಿ ಇಳಿಯೋಷ್ಟು ಕಸುವು ಸೂರ್ಯನ ಮಧ್ಯದಲ್ಲೂ ಇಲ್ಲ, ಅಲ್ಲಿನ ಬಿಸಿ ಒಂದೂವರೆ ಕೋಟಿ ಡಿಗ್ರಿ, ಅದೂ ಸಾಲಲ್ಲ. ಆದ್ರೆ ಕ್ವಾಂಟಂ ಲೋಕದಲ್ಲಿ ಗುಡ್ಡದೊಳಗಿಂದ ತೂರಿ ಆಚೆ ಬರೋ ಚಾನ್ಸ್ ಒಂಚೂರು ಯಾವಾಗಲೂ ಇರುತ್ತೆ. ಇದಕ್ಕೆ ಟನೆಲಿಂಗ್ ಅಂತಾನೇ ಹೆಸರು. 1928ರಲ್ಲಿ ಜಾರ್ಜ್ ಗ್ಯಾಮೋ ಇದನ್ನ ನ್ಯೂಕ್ಲಿಯಸ್‌ಗೆ ಹಚ್ಚಿ ನೋಡಿದ, ಮಾರನೇ ವರ್ಷವೇ ಅಟ್ಕಿನ್‌ಸನ್ ಮತ್ತೆ ಹೌಟರ್‌ಮಾನ್ಸ್ ಅನ್ನೋ ಇಬ್ಬರು ನಕ್ಷತ್ರಗಳು ಉರಿಯೋದು ಹೀಗೇ ಇರ್ಬೇಕು ಅಂತ ಲೆಕ್ಕ ಹಾಕಿದ್ರು.

ರೈಲಿನ ಸುರಂಗಕ್ಕೂ ಇದಕ್ಕೂ ಒಂದು ವ್ಯತ್ಯಾಸ ಇದೆ, ಇಡೀ ಕಥೆ ನಿಂತಿರೋದು ಅದರ ಮೇಲೇನೇ. ಇಲ್ಲಿ ಸುರಂಗ ಒಂಚೂರು ಉದ್ದ ಆದ್ರೆ ಚಾನ್ಸ್ ಒಂಚೂರು ಕಮ್ಮಿ ಆಗೋದಲ್ಲ, ಧಡಕ್ ಅಂತ ನೂರು ಪಟ್ಟು ಸಾವಿರ ಪಟ್ಟು ಬಿದ್ದುಹೋಗುತ್ತೆ, ಒಂಚೂರು ಗಿಡ್ಡ ಆದ್ರೆ ಹಾಗೇ ಏರುತ್ತೆ. ಸುಮ್ನೆ ಕೂತಿರೋ ತಣ್ಣನೆ ಡ್ಯೂಟೀರಿಯಂ ಗ್ಯಾಸಲ್ಲೂ ಫ್ಯೂಷನ್ ಆಗ್ಬೋದು, ನಿಷೇಧ ಏನಿಲ್ಲ, ಆದ್ರೆ ಲೆಕ್ಕ ಹಾಕಿದ್ರೆ ಸೂರ್ಯನಷ್ಟು ತೂಕದ ಡ್ಯೂಟೀರಿಯಂ ಇಟ್ಕೊಂಡು ಕೂತ್ರೂ ವರ್ಷಕ್ಕೆ ಬೆರಳಲ್ಲಿ ಎಣಿಸೋಷ್ಟು ಆಗುತ್ತೆ.

ಇದಕ್ಕೆ ದೊಡ್ಡ ರಿಯಾಕ್ಟರ್‌ನವರ ದಾರಿ ಬಿಸಿ ಮಾಡೋದು. ಬಿಸಿ ಅಂದ್ರೆ ವೇಗ, ವೇಗವಾಗಿ ಬಂದೋರು ಗುಡ್ಡದ ಮೇಲೆ ಸ್ವಲ್ಪ ಎತ್ತರ ಹತ್ತಿರ್ತಾರೆ, ಅಲ್ಲಿ ಗುಡ್ಡ ಕಿರಿದು, ಸುರಂಗ ಗಿಡ್ಡ. ಫ್ರಾನ್ಸಿನಲ್ಲಿ ಕಟ್ತಿರೋ ಈಟರ್ ಗುರಿ 15 ಕೋಟಿ ಡಿಗ್ರಿ. ಇನ್ನೊಂದು ದಾರಿ ಗುಡ್ಡವನ್ನೇ ಒಂಚೂರು ತಗ್ಗಿಸೋದು, ಘನ ವಸ್ತು ಬರೋದು ಇಲ್ಲಿ.

ಲೋಹ ಮಾಡೋ ಎರಡು ಕೆಲಸ

ಪಲ್ಲಾಡಿಯಂಗೆ ಒಂದು ವಿಚಿತ್ರ ಚಟ ಇದೆ, ಹೈಡ್ರೋಜನ್ ಕುಡಿಯೋದು. ಥಾಮಸ್ ಗ್ರಹಾಂ ಅನ್ನೋ ಸ್ಕಾಟ್ಲೆಂಡಿನ ಕೆಮಿಸ್ಟ್ 1860ರ ದಶಕದಲ್ಲೇ ಇದನ್ನ ನೋಡಿದ್ದ. ಒಂದು ಲೋಟ ಪಲ್ಲಾಡಿಯಂ ಸುಮಾರು ಒಂಬೈನೂರು ಲೋಟ ಗ್ಯಾಸ್ ಹೀರ್ಕೊಳ್ಳುತ್ತೆ, ಅವಲಕ್ಕಿ ನೀರು ಕುಡಿದ ಹಾಗೆ, ಕುಡಿದು ಉಬ್ಬೋದೂ ಹಾಗೇ, ಉಬ್ಬಿ ಉಬ್ಬಿ ಕೊನೆಗೆ ಬಿರುಕು ಬಿಡುತ್ತೆ. ಲೋಹದೊಳಗೆ ಅಣುಗಳು ಚಾಳಿನ ಖೋಲಿಗಳ (ವಠಾರದ ಕೋಣೆಗಳ) ಥರ ಸಾಲಾಗಿ ಜೋಡಿಸಿಕೊಂಡಿರ್ತಾವೆ, ಲ್ಯಾಟಿಸ್ ಅಂತಾರೆ ಅದಕ್ಕೆ, ಆ ಖೋಲಿಗಳ ಸಂದಿ ಸಂದಿಯಲ್ಲಿ ಡ್ಯೂಟೀರಿಯಂ ಹೋಗಿ ಕೂರುತ್ತೆ. ಚೆನ್ನಾಗಿ ತುಂಬಿದ್ರೆ ಒಂದು ಪಲ್ಲಾಡಿಯಂ ಅಣುವಿಗೆ ಹತ್ತಿರ ಹತ್ತಿರ ಒಂದು ಡ್ಯೂಟೀರಿಯಂ, ಅಂದ್ರೆ ದ್ರವ ಮಾಡಿಟ್ಟ ಡ್ಯೂಟೀರಿಯಂನಲ್ಲಿ ಇರೋದಕ್ಕಿಂತಲೂ ದಟ್ಟ. ಇದು ಮೊದಲನೇ ಕೆಲಸ, ಡಿಕ್ಕಿ ಆಗ್ಬೇಕಾದ ಜಾಗದಲ್ಲಿ ಇಂಧನ ತುಂಬಿಸೋದು.

ಇಲ್ಲೇ ಎಲ್ಲರೂ ಜಾರಿ ಬೀಳೋದು. ಅಷ್ಟೊಂದು ಒತ್ತಿ ತುಂಬಿದ್ಮೇಲೆ ಅವು ಒಂದಕ್ಕೊಂದು ಅಂಟ್ಕೊಂಡೇ ಇರ್ಬೇಕಲ್ಲ ಅನ್ಸುತ್ತೆ. ಇಲ್ಲ. ಖೋಲಿ ಖೋಲಿಗೆ ಒಬ್ಬೊಬ್ಬರನ್ನ ಹಂಚಿ ಕೂರಿಸಿದ ಹಾಗೆ ಆಗಿರೋದು ಅದು, ಎರಡು ಪಕ್ಕದ ಡ್ಯೂಟೀರಿಯಂ ನಡುವಿನ ದೂರ ಗ್ಯಾಸಿನ ಜೋಡಿಯಲ್ಲಿ ಇದ್ದದ್ದಕ್ಕಿಂತ ಹೆಚ್ಚುಕಮ್ಮಿ ನಾಲ್ಕು ಪಟ್ಟು ಜಾಸ್ತಿ. ನಮ್ಮ ಸಿಎಸ್‌ಎಂಟಿ ಲೆಕ್ಕದಲ್ಲಿ ಮೊದಲು ಡೊಂಬಿವಲಿಯಲ್ಲಿದ್ದೋನು ಈಗ ಪುಣೆಗೆ ಹೋದ! ಅಂದ್ರೆ ಬರೀ ತುಂಬಿಸೋದರಿಂದಾನೇ ಫ್ಯೂಷನ್ ಆಗಿಬಿಡುತ್ತೆ ಅನ್ನೋ ವಾದಕ್ಕೆ ಕಾಲೇ ಇಲ್ಲ.

ಎರಡನೇ ಕೆಲಸ ಇನ್ನೂ ಸೂಕ್ಷ್ಮ. ಲೋಹದಲ್ಲಿ ಎಲೆಕ್ಟ್ರಾನ್‌ಗಳು ಯಾರ ಮನೆಗೂ ಸೇರದೆ ಎಲ್ಲಾ ಕಡೆ ತಿರುಗ್ತಾ ಇರ್ತಾವೆ, ಅದಕ್ಕೇ ಅದರಲ್ಲಿ ಕರೆಂಟ್ ಹರಿಯೋದು. ಎಲೆಕ್ಟ್ರಾನ್ ನೆಗೆಟಿವ್. ಎರಡು ಪಾಸಿಟಿವ್‌ಗಳ ನಡುವೆ ಈ ನೆಗೆಟಿವ್ ಗುಂಪು ಬಂದು ನಿಂತ್ರೆ ಒಂದರ ತಳ್ಳಾಟ ಇನ್ನೊಂದಕ್ಕೆ ಪೂರ್ತಿ ತಟ್ಟಲ್ಲ. ನಿನ್ನೆ ಸೀಟಿಗಾಗಿ ಜಗಳ ಆಡಿದ ಇಬ್ಬರು ಇದ್ದಾರೆ ಅಂದ್ಕೊಳ್ಳಿ. ಮಧ್ಯಾಹ್ನದ ಖಾಲಿ ಡಬ್ಬಿಯಲ್ಲಾದ್ರೆ ದೂರದಿಂದಲೇ ಒಬ್ಬರನ್ನೊಬ್ಬರು ನೋಡಿ ಮುಖ ತಿರುಗಿಸಿಕೊಂಡು ಆ ಕಡೆ ಹೋಗ್ತಾರೆ. ಬೆಳಗ್ಗೆ ಎಂಟೂಕಾಲರ ಫಾಸ್ಟ್ ಲೋಕಲ್‌ನಲ್ಲಿ? ನಡುವೆ ಅಷ್ಟು ಜನ ಇರೋವಾಗ ಭುಜ ತಾಗೋವರೆಗೂ ಗೊತ್ತೇ ಆಗಲ್ಲ. ಇದಕ್ಕೆ ಎಲೆಕ್ಟ್ರಾನ್ ಸ್ಕ್ರೀನಿಂಗ್ ಅಂತಾರೆ, ಕನ್ನಡದಲ್ಲಿ ಮರೆ ಅನ್ನಬಹುದು.

ನಡುವಿನ ದೂರ ನಿಜವಾಗ್ಲೂ ಕುಗ್ಗಿದ್ರೆ ಏನಾಗುತ್ತೆ ಅನ್ನೋದಕ್ಕೆ ಪ್ರಕೃತಿಯಲ್ಲೇ ಒಂದು ಉದಾಹರಣೆ ಇದೆ. ಮ್ಯುವಾನ್ ಅಂತ ಒಂದು ಕಣ, ಎಲೆಕ್ಟ್ರಾನಿನ ಥರಾನೇ ನೆಗೆಟಿವ್ ಆದ್ರೆ 207 ಪಟ್ಟು ಭಾರ. ಎಲೆಕ್ಟ್ರಾನ್ ಜಾಗದಲ್ಲಿ ಇದು ಬಂದು ಕೂತ್ರೆ ಜೋಡಿಯ ದೂರ ಸುಮಾರು ಇನ್ನೂರು ಪಟ್ಟು ಕುಗ್ಗಿ, ತಣ್ಣಗಿರೋ ಹೈಡ್ರೋಜನ್‌ನಲ್ಲೇ ಫ್ಯೂಷನ್ ಆಗುತ್ತೆ, 1956ರಲ್ಲಿ ಲೂಯಿಸ್ ಆಲ್ವಾರೆಜ್ ತಂಡ ಬರ್ಕ್ಲಿಯಲ್ಲಿ ಕಣ್ಣಾರೆ ಕಂಡಿದ್ದು. ಆದ್ರೆ ಆ ಮ್ಯುವಾನ್ ಬದುಕೋದು ಸೆಕೆಂಡಿನ ಹತ್ತು ಲಕ್ಷದಲ್ಲಿ ಎರಡು ಭಾಗ, ಅದನ್ನ ಹುಟ್ಟಿಸೋಕೇ ಸಿಗೋದಕ್ಕಿಂತ ಜಾಸ್ತಿ ಖರ್ಚು. ಲೋಹದ ಎಲೆಕ್ಟ್ರಾನ್‌ಗಳು ಮ್ಯುವಾನ್ ಅಲ್ಲ ಅನ್ನೋದಷ್ಟೇ ಇಲ್ಲಿಗೆ ಬೇಕಾದ ವಿಷಯ.

ಮರೆ ಎಷ್ಟು ದಪ್ಪ, ಸ್ವಲ್ಪ ಲೆಕ್ಕ

ಇಲ್ಲಿ ಎಲೆಕ್ಟ್ರಾನ್ ವೋಲ್ಟ್ ಅನ್ನೋ ಅಳತೆ ಬೇಕು, ಗಾಬರಿ ಆಗ್ಬೇಡಿ. ಗೋಡೆ ಗಡಿಯಾರದ ಒಂದೂವರೆ ವೋಲ್ಟ್ ಸೆಲ್ಲು ಒಂದು ಎಲೆಕ್ಟ್ರಾನನ್ನ ತಳ್ಳಿದ್ರೆ ಅದಕ್ಕೆ ಸಿಗೋ ಶಕ್ತಿ ಒಂದೂವರೆ ಎಲೆಕ್ಟ್ರಾನ್ ವೋಲ್ಟ್. ನಮ್ಮ ಮನೆ ಅಟ್ಟದ ಮೇಲೆ ಇನ್ನೂ ಇದೆ ನೋಡಿ ಡಬ್ಬಾ ಟಿವಿ, ಹೆಂಡತಿ ಗುಜರಿಯವನಿಗೆ ಕೊಡಿ ಅಂತ ವರ್ಷಾನುಗಟ್ಟಲೆ ಹೇಳ್ತಾ ಇದಾಳೆ, ಅದರೊಳಗೆ ಪರದೆಗೆ ಬಡಿಯೋ ಎಲೆಕ್ಟ್ರಾನಿನ ಶಕ್ತಿ 20 ಸಾವಿರದ ಆಸುಪಾಸು. ಈಗ ಹೋಲಿಸಿ. ರೂಮಿನ ಬಿಸಿಯಲ್ಲಿ ಓಡಾಡೋ ಕಣಕ್ಕೆ ಇರೋದು ಒಂದು ಎಲೆಕ್ಟ್ರಾನ್ ವೋಲ್ಟಿನ ನಲವತ್ತರಲ್ಲಿ ಒಂದು ಭಾಗ. ಎರಡು ಡ್ಯೂಟೀರಿಯಂ ನಡುವಿನ ಗುಡ್ಡದ ಎತ್ತರ ಕೆಲವು ಲಕ್ಷ.

ಮರೆ ಈ ಗುಡ್ಡವನ್ನ ಎಷ್ಟು ತಗ್ಗಿಸುತ್ತೆ? ಗ್ಯಾಸಲ್ಲಿ ಸುಮಾರು 25 ಎಲೆಕ್ಟ್ರಾನ್ ವೋಲ್ಟ್. ಲೋಹದಲ್ಲಿ ಅದಕ್ಕಿಂತ ಜಾಸ್ತಿ ಅಂತ 1990ರ ದಶಕದಿಂದ ಜಪಾನ್, ಜರ್ಮನಿ, ಇಟಲಿ ಕಡೆಯ ತಂಡಗಳು ಅಳೀತಾ ಬಂದಿದಾವೆ, ಟ್ಯಾಂಟಲಂನಲ್ಲಿ 300ರ ಸುಮಾರು, ಪಲ್ಲಾಡಿಯಂ ಆಕ್ಸೈಡ್‌ನಲ್ಲಿ 600ರವರೆಗೂ ಹೇಳಿದೋರಿದ್ದಾರೆ. ಅಂದ್ರೆ ಘನ ವಸ್ತು ಫ್ಯೂಷನ್ ಮೇಲೆ ಪ್ರಭಾವ ಬೀರುತ್ತೆ ಅನ್ನೋದು ಗಾಳಿಸುದ್ದಿ ಅಲ್ಲ, ಇದರ ಬಗ್ಗೆ ಜಗಳ ಇರೋದು ಎಷ್ಟು ಅನ್ನೋದರಲ್ಲಿ.

300 ಅಂತ ಇಟ್ಕೊಂಡು ನಾನೇ ಒಂದು ಸಂಜೆ ಟ್ಯೂಷನ್ ಹುಡುಗರ ಜೊತೆ ಲೆಕ್ಕ ಮಾಡಿಸಿದೆ. ಡಿಕ್ಕಿಯ ಶಕ್ತಿ 20 ಸಾವಿರ ಇದ್ರೆ ಮರೆಯಿಂದ ಫ್ಯೂಷನ್ ಜಾಸ್ತಿ ಆಗೋದು 5 ಪರ್ಸೆಂಟ್ ಆಸುಪಾಸು. 5 ಸಾವಿರಕ್ಕೆ ಇಳಿಸಿದ್ರೆ ಒಂದೂವರೆ ಪಟ್ಟು. 2 ಸಾವಿರಕ್ಕೆ ಇಳಿಸಿದ್ರೆ ಐದು ಪಟ್ಟು! ಹುಡುಗರು ಖುಷಿಯಾಗಿ ಕೂಗಿದ್ರು, ಸರ್ ಇನ್ನೂ ಇಳಿಸೋಣ ಅಂತ. ಇಳಿಸಬಹುದು, ಮರೆಯ ಲಾಭ ನೂರು ಪಟ್ಟು ಸಾವಿರ ಪಟ್ಟು ಅಂತ ಏರ್ತಾನೇ ಹೋಗುತ್ತೆ. ಆಮೇಲೆ ಬೋರ್ಡಿನ ಇನ್ನೊಂದು ಪಕ್ಕ ಬರೆಸಿದೆ, ಡಿಕ್ಕಿ 20 ಸಾವಿರದಿಂದ 2 ಸಾವಿರಕ್ಕೆ ಇಳಿದಾಗ ಮರೆ ಇಲ್ಲದ ಮೂಲ ಚಾನ್ಸೇ ಎಷ್ಟು ಬೀಳುತ್ತೆ ಅಂತ. ನಾಲ್ಕು ಲಕ್ಷ ಪಟ್ಟು ಬೀಳುತ್ತೆ. ನಾಲ್ಕು ಲಕ್ಷ ಕಳ್ಕೊಂಡು ಐದು ಗಳಿಸೋ ವ್ಯಾಪಾರ. ನಮ್ಮ ಗುಜರಾತಿ ಸೇಠ್‌ಗೆ ಹೇಳಿದ್ರೆ ಅಂಗಡಿಯಿಂದಲೇ ಆಚೆ ಹಾಕ್ತಾನೆ.

ಇದೇ ಕಾರಣಕ್ಕೆ ವಿಡಿಯೋದವರಿಗೆ ಬಿಡಿ, ಪೇಪರಿನವರಿಗೂ ಗೊಂದಲ ಆಗೋದು. "ಲೋಹದಲ್ಲಿ ಫ್ಯೂಷನ್ ಸಾವಿರ ಪಟ್ಟು ಹೆಚ್ಚಿತು" ಅನ್ನೋದು ಸತ್ಯಾನೇ ಇರಬಹುದು, ಯಾವುದರ ಸಾವಿರ ಪಟ್ಟು ಅಂತ ಕೇಳ್ಬೇಕು.

1989, ಊಟಾ ಮತ್ತೆ ಟ್ರಾಂಬೆ

ಪಲ್ಲಾಡಿಯಂ ಮೇಲಿನ ಆಸೆ ಹಳೇದು. 1926ರಲ್ಲೇ ಬರ್ಲಿನ್‌ನಲ್ಲಿ ಪನೆಟ್, ಪೀಟರ್ಸ್ ಅನ್ನೋ ಇಬ್ಬರು ಪಲ್ಲಾಡಿಯಂನಲ್ಲಿ ಹೈಡ್ರೋಜನ್ ಹೀಲಿಯಂ ಆಯ್ತು ಅಂದ್ರು, ಆಮೇಲೆ ನೋಡಿದ್ರೆ ಹೀಲಿಯಂ ಗಾಜಿನಿಂದ, ಹೊರಗಿನ ಗಾಳಿಯಿಂದ ಬಂದಿರೋದು, ಮಾರನೇ ವರ್ಷ ಮಾತು ವಾಪಸ್ ತಗೊಂಡ್ರು.

ದೊಡ್ಡ ಗಲಾಟೆ ಆಗಿದ್ದು 1989ರ ಮಾರ್ಚ್ 23ಕ್ಕೆ. ಅಮೆರಿಕದ ಊಟಾ ಯೂನಿವರ್ಸಿಟಿಯಲ್ಲಿ ಫ್ಲೈಶ್‌ಮನ್ ಮತ್ತೆ ಪಾನ್ಸ್ ಅನ್ನೋ ಇಬ್ಬರು ಕೆಮಿಸ್ಟ್‌ಗಳು ಪ್ರೆಸ್ ಮೀಟ್ ಕರೆದು, ಹೆವಿ ವಾಟರ್‌ನಲ್ಲಿ ಪಲ್ಲಾಡಿಯಂ ಕಡ್ಡಿ ಮುಳುಗಿಸಿ ಕರೆಂಟ್ ಹರಿಸಿದ್ರೆ ಲೆಕ್ಕಕ್ಕೆ ಮೀರಿದ ಬಿಸಿ ಬರುತ್ತೆ, ಅದು ಫ್ಯೂಷನ್ನೇ ಅಂದ್ರು. ಕೋಲ್ಡ್ ಫ್ಯೂಷನ್ ಅಂತ ಹೆಸರಾಯ್ತು. ಜಗತ್ತಿನಲ್ಲೆಲ್ಲ ಲ್ಯಾಬುಗಳು ಓಡೋಡಿ ಬಂದು ಮಾಡಿ ನೋಡಿದ್ವು, ಬಹಳಷ್ಟು ಕಡೆ ಏನೂ ಸಿಗಲಿಲ್ಲ. ಅನುಮಾನಕ್ಕೆ ಮುಖ್ಯ ಕಾರಣ ನ್ಯೂಟ್ರಾನ್. ಮಾಮೂಲಿ ದಾರಿಯಲ್ಲಿ ಡ್ಯೂಟೀರಿಯಂ ಫ್ಯೂಷನ್ ಆಗಿ ಬರೀ 1 ವ್ಯಾಟ್ ಬಿಸಿ ಬರ್ಬೇಕಂದ್ರೂ ಸೆಕೆಂಡಿಗೆ ಸುಮಾರು 85 ಸಾವಿರ ಕೋಟಿ ನ್ಯೂಟ್ರಾನ್ ಹೊರಗೆ ಬೀಳ್ಬೇಕು, ಪಕ್ಕದಲ್ಲಿ ನಿಂತೋರು ಪ್ರೆಸ್ ಮೀಟಿಗೆ ಬರೋ ಸ್ಥಿತಿಯಲ್ಲಿ ಇರ್ತಿರಲಿಲ್ಲ.

ನಮ್ಮ ಟ್ರಾಂಬೆಯ ಬಾಬಾ ಅಣು ಸಂಶೋಧನಾ ಕೇಂದ್ರದಲ್ಲೂ ಆ ವಾರಗಳಲ್ಲೇ ಕೆಲಸ ಶುರುವಾಯ್ತು. ಆಗ ಡೈರೆಕ್ಟರ್ ಪಿ.ಕೆ. ಅಯ್ಯಂಗಾರ್, ಅವರು ಮತ್ತೆ ಎಂ. ಶ್ರೀನಿವಾಸನ್ ಸೇರಿ ಹಲವು ತಂಡಗಳ ಫಲಿತಾಂಶ ಒಟ್ಟು ಮಾಡಿ ಬಾರ್ಕ್-1500 ಅನ್ನೋ ವರದಿ ತಂದ್ರು. ಹೆವಿ ವಾಟರ್, ಟ್ರಿಟಿಯಂ, ನ್ಯೂಟ್ರಾನ್ ಅಳೆಯೋ ಸಾಮಾನು, ಅಳೆಯೋಕೆ ಬರೋ ಜನ, ಇಷ್ಟೂ ಒಂದೇ ಕಾಂಪೌಂಡಿನಲ್ಲಿ ಇದ್ದ ಜಾಗ ಅದು. ಅವರಿಗೆ ಟ್ರಿಟಿಯಂ ಸಿಕ್ತು, ನ್ಯೂಟ್ರಾನೂ ಸಿಕ್ತು ಅಂತ ವರದಿ. ಆದ್ರೆ ಆಗ್ಲೇ ಹೇಳಿದ್ನಲ್ಲ ಅರ್ಧ-ಅರ್ಧ ಲೆಕ್ಕ, ಟ್ರಿಟಿಯಂ ಎಷ್ಟೋ ನ್ಯೂಟ್ರಾನೂ ಹೆಚ್ಚುಕಮ್ಮಿ ಅಷ್ಟೇ ಇರ್ಬೇಕು. ಇವರಿಗೆ ಟ್ರಿಟಿಯಂ ಒಂದು ಕೋಟಿ ಪಟ್ಟಿನಷ್ಟು ಜಾಸ್ತಿ. ಒಂದೋ ಲೋಹದೊಳಗೆ ಯಾರೂ ಕಾಣದ ಹೊಸ ರೀತಿಯ ರಿಯಾಕ್ಷನ್ ಆಗ್ತಿದೆ, ಇಲ್ಲ ಟ್ರಿಟಿಯಂ ಬೇರೆ ಎಲ್ಲಿಂದಲೋ ಬಂದಿದೆ. ಎರಡರಲ್ಲಿ ಒಂದನ್ನ ಒಪ್ಪಬೇಕಾದ್ರೆ ಅದೇ ಫಲಿತಾಂಶ ಬೇಕಂದಾಗ ಮತ್ತೆ ಮತ್ತೆ ಬರ್ಬೇಕು, ಅದು ಬರಲಿಲ್ಲ, 90ರ ದಶಕದ ಶುರುವಿನಲ್ಲೇ ಆ ಕೆಲಸ ತಣ್ಣಗಾಯ್ತು. ಅಯ್ಯಂಗಾರ್ ಅವರಿಗೆ ಮಾತ್ರ ಈ ವಿಷಯದ ಮೇಲಿನ ಆಸಕ್ತಿ ಹೋಗಲಿಲ್ಲ.

ಆಮೇಲೆ 2015ರಿಂದ ಗೂಗಲ್ ದುಡ್ಡು ಹಾಕಿ ಸುಮಾರು 30 ಜನ ಸಂಶೋಧಕರ ಕೈಲಿ ಮತ್ತೆ ಎಲ್ಲಾ ಮಾಡಿಸಿತು. 2019ರಲ್ಲಿ ನೇಚರ್‌ನಲ್ಲೇ ಬರೆದ್ರು, ಕೋಲ್ಡ್ ಫ್ಯೂಷನ್‌ಗೆ ಪುರಾವೆ ಸಿಗಲಿಲ್ಲ, ಆದ್ರೆ ಲೋಹದೊಳಗೆ ಹೈಡ್ರೋಜನ್ ತುಂಬಿಸೋದು, ಅಳೆಯೋದು ಹೇಗೆ ಅಂತ ತುಂಬಾ ಕಲಿತ್ವಿ ಅಂತ. ಆ ತಂಡದ ಮುಂದಾಳು ಕರ್ಟಿಸ್ ಬರ್ಲಿಂಗೆಟ್. 2025ರ ಕೆನಡಾ ಪ್ರಯೋಗವೂ ಅವರದ್ದೇ. ಸಿಗಲಿಲ್ಲ ಅಂತ ಬರೆದ ಮನುಷ್ಯನೇ ಮುಂದಿನ ಹೆಜ್ಜೆ ಇಟ್ಟಿದ್ದು, ನನಗೆ ಈ ಕಥೆಯಲ್ಲಿ ತುಂಬಾ ಇಷ್ಟ ಆಗೋದು ಇದೇ.

ಹಾಗಾದ್ರೆ 15 ಪರ್ಸೆಂಟ್ ಎಲ್ಲಿಂದ ಬಂತು

ಬರ್ಲಿಂಗೆಟ್ ತಂಡ ಕಡ್ಡಿ ಮುಳುಗಿಸಿ ಬಿಸಿ ಅಳೆಯೋ ದಾರಿ ಬಿಟ್ರು. ಪಲ್ಲಾಡಿಯಂ ಹಾಳೆಯ ಒಂದು ಮುಖಕ್ಕೆ ಪ್ಲಾಸ್ಮಾದಿಂದ (ಎಲೆಕ್ಟ್ರಾನ್ ಕಳಚಿಕೊಂಡ ಗ್ಯಾಸಿನಿಂದ) ವೇಗದ ಡ್ಯೂಟೀರಿಯಂ ಬಂದು ಬಡಿಯುತ್ತೆ, ಅಲ್ಲಿ ಫ್ಯೂಷನ್ ಹೇಗೂ ಆಗುತ್ತೆ, ಅದರಲ್ಲಿ ಗುಟ್ಟೇನೂ ಇಲ್ಲ, ಎಣ್ಣೆ ಬಾವಿಗಳ ಪರೀಕ್ಷೆಗೆ ಬಳಸೋ ನ್ಯೂಟ್ರಾನ್ ಜನರೇಟರ್‌ಗಳು ಮಾಡೋದೂ ಇದನ್ನೇ, ಡ್ಯೂಟೀರಿಯಂನ ಓಡಿಸಿ ಟೈಟಾನಿಯಂನಂಥ ಲೋಹದ ಗುರಿಗೆ ಹೊಡೆಸೋದು. ಹೊಸದು ಇನ್ನೊಂದು ಮುಖದಲ್ಲಿ. ಅಲ್ಲಿ ಹೆವಿ ವಾಟರ್ ಇರೋ ಸಣ್ಣ ಎಲೆಕ್ಟ್ರೋಕೆಮಿಕಲ್ ಸೆಲ್ಲು, ಬ್ಯಾಟರಿ ಥರದ್ದು, ಅದು ಹಿಂದಿನಿಂದ ಇನ್ನಷ್ಟು ಡ್ಯೂಟೀರಿಯಂ ಲೋಹದೊಳಗೆ ತುರುಕುತ್ತೆ. ಒಂದು ವೋಲ್ಟಿನಷ್ಟರಲ್ಲೇ 800 ಪಟ್ಟು ವಾತಾವರಣದ ಒತ್ತಡ ಹಾಕಿದ ಹಾಗೆ ತುಂಬುತ್ತೆ ಅಂತಾರೆ ಅವರು. ಆ ಸೆಲ್ ಆನ್ ಮಾಡಿದಾಗ ನ್ಯೂಟ್ರಾನ್ ಎಣಿಕೆ ಸರಾಸರಿ 15 ಪರ್ಸೆಂಟ್ ಏರಿತು.

ಗುರಿಯಲ್ಲಿ ಜಾಸ್ತಿ ಇಂಧನ ಇದ್ರೆ ಜಾಸ್ತಿ ಡಿಕ್ಕಿ, ಅಷ್ಟೇ. ನಾನು ಹೇಳಿದ ಮೊದಲನೇ ಕೆಲಸ ಇದು, ಎರಡನೇದಲ್ಲ. ಬಿಸಿಯ ಬದಲು ನ್ಯೂಟ್ರಾನ್ ಎಣಿಸಿದ್ದು ಇಲ್ಲಿ ಜಾಣತನ, ಯಾಕಂದ್ರೆ ಬಿಸಿ ಎಲ್ಲಿಂದ ಬೇಕಾದ್ರೂ ಬರುತ್ತೆ, ಆ ಶಕ್ತಿಯ ನ್ಯೂಟ್ರಾನ್ ಹಾಗೆ ಬರಲ್ಲ. ಇನ್ನು ಕರೆಂಟ್ ಬಿಲ್ ವಿಚಾರ: ಯಂತ್ರಕ್ಕೆ ಒಳಗೆ ಹೋಗೋದು 15 ವ್ಯಾಟ್, ಒಂದು ದೊಡ್ಡ ಎಲ್‌ಇಡಿ ಬಲ್ಬಿನಷ್ಟು, ಫ್ಯೂಷನ್‌ನಿಂದ ಹೊರಗೆ ಬರೋದು ಒಂದು ವ್ಯಾಟಿನ ನೂರು ಕೋಟಿಯಲ್ಲಿ ಒಂದು ಭಾಗ.

ಯಾಕಿಷ್ಟು ಕಮ್ಮಿ ಅಂದ್ರೆ ಲೋಹವೇ ಅಡ್ಡಗಾಲು ಹಾಕುತ್ತೆ. ಮರೆ ಒದಗಿಸೋ ಅದೇ ಎಲೆಕ್ಟ್ರಾನ್ ಗುಂಪು ಒಳಗೆ ಬಂದ ಕಣದ ವೇಗವನ್ನ ಉಜ್ಜಿ ಉಜ್ಜಿ ತಿಂದುಬಿಡುತ್ತೆ, ದಾದರ್‌ನಲ್ಲಿ ಇಳಿಯೋಕೆ ಓಡಿ ಬಂದೋನು ಡಬ್ಬಿ ಮಧ್ಯದಲ್ಲೇ ಸುಸ್ತಾಗಿ ನಿಂತ ಹಾಗೆ. ಹತ್ತು ಲಕ್ಷ ಕಣ ಒಳಗೆ ಹೋದ್ರೂ ಒಂದು ಫ್ಯೂಷನ್ ಆಗೋದೂ ಕಷ್ಟ, ಉಳಿದದ್ದೆಲ್ಲ ಲೋಹ ಬಿಸಿ ಮಾಡೋಕೆ ಹೋಯ್ತು.

ನಾಸಾದ ಗ್ಲೆನ್ ಕೇಂದ್ರದವರು 2020ರಲ್ಲಿ ಈ ತೊಂದರೆಯನ್ನ ಬೇರೆ ರೀತಿ ಸುತ್ತುಹಾಕಿದ್ರು. ಎರ್ಬಿಯಂ, ಟೈಟಾನಿಯಂ ಲೋಹಗಳಲ್ಲಿ ಡ್ಯೂಟೀರಿಯಂ ತುಂಬಿಸಿ ಮೇಲಿಂದ ಗಾಮಾ ಕಿರಣ ಬಿಟ್ರು. ಕಿರಣ ಬಡಿದು ಒಂದು ಡ್ಯೂಟೀರಿಯಂ ಒಡೆಯುತ್ತೆ, ಅದರ ನ್ಯೂಟ್ರಾನ್ ಹೋಗಿ ಇನ್ನೊಂದು ಡ್ಯೂಟೀರಿಯಂಗೆ ಗುದ್ದುತ್ತೆ, ಗುದ್ದಿಸಿಕೊಂಡಿದ್ದು ಓಡಿ ಮೂರನೇದಕ್ಕೆ ಡಿಕ್ಕಿ. ಕ್ಯಾರಂ ಬೋರ್ಡಲ್ಲಿ ಒಂದು ಕಾಯಿ ಹೊಡೆದು ಇನ್ನೊಂದನ್ನ ಕಳಿಸೋ ಹಾಗೆ. ಓಟ ಲೋಹದ ಒಳಗೇ ಶುರುವಾಗೋದರಿಂದ ಹೊರಗಿಂದ ತೂರಿಸೋ ಪಾಡಿಲ್ಲ. ಇಲ್ಲೂ ಹಾಕಿದ್ದು ಜಾಸ್ತಿ, ಬಂದಿದ್ದು ಕಮ್ಮಿ. ಲೋಹ ಒಳಗಿನ ಸಹಾಯ ಮಾಡಿತು, ಮೊದಲ ಗುದ್ದು ಹೊರಗಿಂದಲೇ ಬರ್ಬೇಕಾಯ್ತು.

ಇನ್ನೂ ಕೂಡದ ಲೆಕ್ಕ

ಥಿಯರಿ ಪ್ರಕಾರ ಲೋಹದ ಮರೆ ನೂರು ಎಲೆಕ್ಟ್ರಾನ್ ವೋಲ್ಟಿನ ಆಸುಪಾಸಲ್ಲಿ ಇರ್ಬೇಕು, ಅಳೆದೋರಿಗೆ ಎಷ್ಟೋ ಸಲ 300 ಅದಕ್ಕಿಂತ ಜಾಸ್ತಿ ಸಿಕ್ತಾ ಇದೆ. ಒಂದೇ ಲೋಹಕ್ಕೆ ಎರಡು ಲ್ಯಾಬಿನಲ್ಲಿ ಎರಡು ನಂಬರು. ಕೆಲವರು ಮೇಲ್ಮೈ ಮೇಲಿನ ಆಕ್ಸೈಡ್ ಪೊರೆಯನ್ನ ಬಯ್ತಾರೆ, ಅದು ಇದ್ರೆ ಅಳತೆ ಕೆಡುತ್ತೆ ಅಂತ. ಇನ್ನು ಕೆಲವರು ಲ್ಯಾಟಿಸ್‌ನಲ್ಲಿರೋ ದೋಷಗಳನ್ನ ನೋಡ್ತಾ ಇದಾರೆ, ಯಾವುದೋ ಖೋಲಿಯಲ್ಲಿ ಇರ್ಬೇಕಾದ ಅಣುವೇ ಇಲ್ಲ ಅನ್ನೋ ಥರದ ಜಾಗಗಳು, ಅಲ್ಲಿ ಎಲೆಕ್ಟ್ರಾನ್‌ಗಳು ಬೇರೆ ರೀತಿ ಗುಂಪು ಕಟ್ಟಬಹುದು ಅಂತ. ಪಲ್ಲಾಡಿಯಂ ಉಬ್ಬಿ ಬಿರಿಯುತ್ತೆ ಅಂದ್ನಲ್ಲ, ಅದರಿಂದ ನಿನ್ನೆಯ ತುಂಡೂ ಇವತ್ತಿನ ತುಂಡೂ ಒಂದೇ ಅಲ್ಲ, ಹಾಗಾಗಿ ಒಂದು ಲೋಹದ ಮರೆ ಇಷ್ಟೇ ಅಂತ ಒಂದು ಸಂಖ್ಯೆ ಬರೆಯೋದೇ ಕಷ್ಟ ಆಗಿದೆ.

ಗ್ರೂಪಿನ ಹಿರಿಯರು ಇಷ್ಟೂ ಓದಿ ಮತ್ತೆ ಫೋನ್ ಮಾಡಿದ್ರು. ಕೇಳಿದ್ದು ಒಂದೇ, ಪಲ್ಲಾಡಿಯಂ ಅನ್ನೋದು ನಮ್ಮಂಥೋರಿಗೆ ಕಣ್ಣಿಗೆ ಬೀಳೋ ವಸ್ತುವಾ ಅಂತ. ನಿಮ್ಮ ಕಾರಿನ ಕೆಳಗೇ ಇದೆ ಅಂದೆ, ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ತೆಳ್ಳಗೆ ಬಳಿದಿರ್ತಾರೆ. ಹೌದಾ ಅಂದ್ರು, ಸ್ವಲ್ಪ ಹೊತ್ತು ಸುಮ್ನಿದ್ರು, ಆಮೇಲೆ ಚಪ್ಪಲಿ ಮೆಟ್ಕೊಂಡು ಕೆಳಗಿಳಿಯೋ ಸದ್ದು ಫೋನಲ್ಲೇ ಕೇಳಿಸ್ತು.